ಮೂಕ ನಾಯಿಯ ಸಂಜೆ

ಭಟ್ಟಿಯಣ್ಣನ ಮನೆಯಲ್ಲಿ ಚಮಚಗಳು ಬಟ್ಟೆಯ ಮೇಲೆ ಮಲಗುತ್ತಿದ್ದವು. ತೊಳೆದ ಪಾತ್ರೆ ಕವುಚಿಡುವ ಜಾಗದಲ್ಲಿ ಅವನ ಹೆಂಡತಿ ಹಳೆಯ ಟವೆಲೊಂದನ್ನು ಹಾಸಿದ್ದಳು, ಒಂದಕ್ಕೊಂದು ತಾಗಿ ಸದ್ದಾಗಬಾರದೆಂದು. ನಲ್ಲಿಯ ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟಿದ್ದಳು. ಸೋರುವ ಹನಿ ಟಪ್ಪೆಂದು ಬೀಳದೆ, ಬಟ್ಟೆಯುದ್ದಕ್ಕೂ ಇಳಿದು ಬಕೆಟ್ಟಿನೊಳಗೆ ಸೇರಿಕೊಳ್ಳುತ್ತಿತ್ತು. ಕುರ್ಚಿಯ ಕಾಲುಗಳಿಗೆ ಮಗಳ ಹಳೆಯ ಕಾಲುಚೀಲ. ಕರೆಗಂಟೆಯ ತಂತಿಯನ್ನು ಮದುವೆಯಾದ ಎರಡನೆಯ ತಿಂಗಳಲ್ಲಿ ಬಿಚ್ಚಿಟ್ಟಿದ್ದು, ಮತ್ತೆ ಯಾರೂ ಜೋಡಿಸಲಿಲ್ಲ. ಮಗಳು ಮಾತು ಕಲಿತದ್ದು ಸಹ ಪಿಸುದನಿಯಲ್ಲಿ. ಶಾಲೆಗೆ ಸೇರಿಸಿದ ವರ್ಷ ಮೇಡಂ ತಾಯಿಯನ್ನು ಕರೆಸಿ, "ಮಗುವಿಗೆ ಗಂಟಲಿನ ತೊಂದರೆ ಏನಾದ್ರೂ ಇದೆಯಾ?" ಎಂದು ಕೇಳಿದ್ದರು.

ತೊಂದರೆ ಗಂಟಲಿನದಲ್ಲ, ಅಪ್ಪನ ನಿದ್ದೆಯದು. ಅವನು ಬ್ರೆಡ್ ಕಾರ್ಖಾನೆಯ ದೊಡ್ಡ ಭಟ್ಟಿಯ ಮುಂದೆ ಇಪ್ಪತ್ತಾರು ವರ್ಷ ರಾತ್ರಿ ಪಾಳಿ ಮಾಡಿದವನು. ಊರು ಮಲಗಿದಾಗ ಅವನು ಬ್ರೆಡ್ಡು ಬೇಯಿಸುತ್ತಿದ್ದ, ಊರು ಎದ್ದು ಆ ಬ್ರೆಡ್ಡು ತಿನ್ನುವಾಗ ಮನೆಗೆ ಬಂದು ದಪ್ಪ ಪರದೆ ಎಳೆದು ಮಲಗುತ್ತಿದ್ದ. ಬಿಸಿ ತಟ್ಟೆಗಳ ಅಂಚು ತಾಗಿ ತಾಗಿ ಅವನ ಎರಡೂ ಮುಂಗೈಗಳ ಮೇಲೆ ಕಂದು ಗೀಟುಗಳಾಗಿದ್ದವು, ಸ್ಕೇಲಿನ ಮೇಲೆ ಇರುತ್ತವಲ್ಲ, ಹಾಗೆ. ಕಾರ್ಖಾನೆಯವರು ಇಟ್ಟ ಹೆಸರು ಭಟ್ಟಿಯಣ್ಣ. ಅದೇ ಬೀದಿಗೂ ಬಂತು, ಮನೆಯ ಬಾಗಿಲಿನವರೆಗೂ ಬಂತು. ಒಳಗೆ ಮಾತ್ರ ಅವನನ್ನು ಯಾರೂ ಕೂಗಿ ಕರೆಯುತ್ತಿರಲಿಲ್ಲ.

ನಾಯಿ ಬಂದದ್ದು ಆರು ವರ್ಷದ ಹಿಂದೆ. ಮಗಳು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ತಂದ ಕಂದು ಬಣ್ಣದ ಮರಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. "ಬೊಗಳಿದ ದಿನ ಆಚೆಗೆ" ಎಂದು ಭಟ್ಟಿಯಣ್ಣ ಅಂದೇ ಹೇಳಿದ್ದ. ಅದು ಬೊಗಳಲಿಲ್ಲ. ಒಂದು ವಾರ ಕಾದ, ಒಂದು ತಿಂಗಳು ಕಾದ. ಹುಟ್ಟುಮೂಕ ಎಂದು ತೀರ್ಮಾನಿಸಿ, ಮೂಕ ಎಂದೇ ಹೆಸರಿಟ್ಟ. ರಾತ್ರಿ ಪಾಳಿಯವನಿಗೆ ಇಂಥ ನಾಯಿ ಸಿಗುವುದು ಪುಣ್ಯ ಎಂದುಕೊಂಡ. ಕಾರ್ಖಾನೆಯಲ್ಲಿ ಹೇಳಿಕೊಂಡಾಗ ಹಿಟ್ಟು ಕಲಸುವವನು, "ಕಳ್ಳ ಬಂದ್ರೆ ಏನ್ಮಾಡುತ್ತಣ್ಣ ಅದು? ಚೀಟಿ ಬರೆದು ಕೊಡುತ್ತಾ?" ಎಂದಿದ್ದ. ಎಲ್ಲರೂ ನಕ್ಕಿದ್ದರು. ಭಟ್ಟಿಯಣ್ಣನಿಗೆ ನಗು ಬಂದದ್ದು ಮಾರನೆಯ ದಿನ. ಅವನಿಗೆ ಹಾಸ್ಯ ಯಾವಾಗಲೂ ಒಂದು ದಿನ ತಡವಾಗಿ ತಲುಪುತ್ತಿತ್ತು.

ಮಗಳು ಮದುವೆಯಾಗಿ ಊರಿನ ಆ ತುದಿಗೆ ಹೋದ ಮೇಲೆ ನಾಯಿ ಹೆಂಡತಿಯದಾಯಿತು. ಸಂಜೆ ನಾಲ್ಕೂವರೆಗೆ, ಅವನು ಇನ್ನೂ ಗಾಢ ನಿದ್ದೆಯಲ್ಲಿರುವಾಗ, ಅದರ ಕೊರಳಿಗೆ ಹಗ್ಗ ಹಾಕಿಕೊಂಡು ನದಿಯ ದಾರಿ ಹಿಡಿದರೆ ಬರುತ್ತಿದ್ದುದು ಆರೂವರೆಗೆ. ಅವನು ಎದ್ದು ಕಾಫಿ ಲೋಟ ಹಿಡಿದು ಕೂತಿರುತ್ತಿದ್ದ. ಅವಳು ಬಂದಳು, ನಾಯಿ ಬಂತು ಎನ್ನುವುದಷ್ಟೇ ಅವನಿಗೆ ಗೊತ್ತಿದ್ದ ಸಂಗತಿ.

ನಾಲ್ಕು ತಿಂಗಳ ಹಿಂದೆ ಕಾರ್ಖಾನೆಗೆ ಹೊಸ ಯಂತ್ರ ಬಂತು. ರಾತ್ರಿ ಕೆಲಸಕ್ಕೆ ಗುಂಡಿ ಒತ್ತುವವರು ಇಬ್ಬರು ಸಾಕಾದರು. ಭಟ್ಟಿಯಣ್ಣನನ್ನು ಹಗಲಿನ ಪಾಳಿಗೆ ಹಾಕಿದರು, ಬೆಳಗ್ಗೆ ಆರರಿಂದ ಎರಡರವರೆಗೆ. ಮಧ್ಯಾಹ್ನ ಎರಡೂವರೆಗೆಲ್ಲ ಮನೆ. ಪರದೆ ಸರಿಸಿದ. ಕಣ್ಣು ಬಿಟ್ಟುಕೊಂಡೇ ಕೂತ. ಆದರೆ ಅವನು ಎಚ್ಚರವಾಗಿದ್ದಾನೆಂದು ಮನೆಗೆ ಯಾರೂ ಹೇಳಿದಂತಿರಲಿಲ್ಲ. ಚಮಚಗಳು ಬಟ್ಟೆಯ ಮೇಲೆಯೇ ಮಲಗುತ್ತಿದ್ದವು. ಹೆಂಡತಿ ಬೆರಳ ತುದಿಯಲ್ಲೇ ನಡೆಯುತ್ತಿದ್ದಳು. ಮಾತಾಡಬೇಕಾದಾಗ ಹತ್ತಿರ ಬಂದು, "ಊಟಕ್ಕೆ ಬರ್ತೀರಾ?" ಎಂದು ಉಸಿರಲ್ಲೇ ಕೇಳುತ್ತಿದ್ದಳು.

ಎಚ್ಚರವಿದ್ದವನಿಗೆ ಕೆಲವು ವಿಷಯಗಳು ಕಾಣತೊಡಗಿದವು. ನಾಲ್ಕು ಗಂಟೆಗೆ ಅವಳು ಮುಖ ತೊಳೆಯುತ್ತಾಳೆ. ಕನ್ನಡಿಯ ಮುಂದೆ ಬೇಕಾದ್ದಕ್ಕಿಂತ ತುಸು ಹೆಚ್ಚು ನಿಲ್ಲುತ್ತಾಳೆ. ಅವನೇ ತಂದ ಬ್ರೆಡ್ಡಿನ ಅಂಚುಗಳನ್ನು ಕತ್ತರಿಸಿ ಕಾಗದದ ಚೀಲಕ್ಕೆ ಹಾಕಿಕೊಳ್ಳುತ್ತಾಳೆ, ಒಂದು ನಾಯಿಗೆ ಬೇಕಾಗುವುದಕ್ಕಿಂತ ಹೆಚ್ಚು. ವಾಪಸು ಬರುವಾಗ ಮೆಟ್ಟಿಲ ಮೇಲೆ ಗುನುಗು ಕೇಳಿಸುತ್ತದೆ. ಒಂದನೆಯ ಮಹಡಿ, ಎರಡನೆಯ ಮಹಡಿ, ಮೂರನೆಯ ಮಹಡಿಯ ತಿರುವಿನಲ್ಲಿ ಗುನುಗು ನಿಲ್ಲುತ್ತದೆ. ನಾಲ್ಕನೆಯದು ಅವರ ಮನೆ. ಬಾಗಿಲು ತೆರೆದಾಗ ಅವಳ ಕೆನ್ನೆಯಲ್ಲಿ ಏನೋ ಹೊಳಪಿರುತ್ತದೆ, ಚಪ್ಪಲಿ ಬಿಡುವಷ್ಟರಲ್ಲಿ ಅದು ಆರಿಹೋಗುತ್ತದೆ.

"ಅಷ್ಟು ಹೊತ್ತು ಏನ್ಮಾಡ್ತೀರಿ ಇಬ್ರೂ?" ಒಂದು ದಿನ ಕೇಳಿದ.

"ನಡೀತೀವಿ."

"ಎಲ್ಲಿ?"

"ನದಿ ಉದ್ದಕ್ಕೆ."

"ನದಿ ಅಷ್ಟುದ್ದ ಇದ್ಯಾ?"

"ಇದೆ" ಎಂದಳು, ನಾಯಿಯ ಕಾಲು ಒರೆಸುತ್ತ.

ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಯಾರ ಮೇಲೆ ಹೊಟ್ಟೆಕಿಚ್ಚು ಪಡಬೇಕೆಂದು ಗೊತ್ತಿಲ್ಲದೆ ಪಡುವ ಹೊಟ್ಟೆಕಿಚ್ಚು ಬಹಳ ಸುಸ್ತು ಮಾಡುತ್ತದೆ. ಭಟ್ಟಿಯ ಬೆಂಕಿಗಾದರೂ ಒಂದು ಬಾಗಿಲಿತ್ತು.

ಆಮೇಲೆ ಅವಳು ಬಿದ್ದಳು. ಒಂದು ಬೆಳಗ್ಗೆ ಯಾರೋ ಒರೆಸಿ ಹೋದ ಮೆಟ್ಟಿಲ ಮೇಲೆ ಕಾಲು ಜಾರಿ ಪಾದ ಉಳುಕಿತು. ಡಾಕ್ಟರು ಪಟ್ಟಿ ಸುತ್ತಿ, ಮೂರು ವಾರ ಮೆಟ್ಟಿಲಿಳಿಯುವ ಹಾಗಿಲ್ಲ ಎಂದರು. ಅವಳು ಅತ್ತದ್ದು ನೋವಿಗಲ್ಲ ಎಂದು ಅವನಿಗೆ ಅನುಮಾನ ಬಂತು, ಯಾಕೆಂದರೆ ಅಳುತ್ತ ಗೋಡೆಯ ಗಡಿಯಾರ ನೋಡುತ್ತಿದ್ದಳು.

ಮೂರನೆಯ ದಿನ ಸಂಜೆ, "ನಾಯೀನ ನಾನು ಕರ್ಕೊಂಡು ಹೋಗ್ತೀನಿ" ಎಂದ.

ಅವಳು ತಟ್ಟನೆ ತಲೆಯೆತ್ತಿದಳು. "ಸುಮ್ನೆ ಕೆಳಗೆ ಒಂದು ಸುತ್ತು ಹಾಕಿಸಿ, ಸಾಕು."

"ನದಿಗೇ ಹೋಗ್ತೀನಿ. ಅದಕ್ಕೂ ಅಭ್ಯಾಸ ಅಲ್ವಾ."

ಕಾಲಿನ ಪಟ್ಟಿಯ ತುದಿಯನ್ನು ಒಳಕ್ಕೆ ಸಿಕ್ಕಿಸುತ್ತ ಹೇಳಿದಳು, "ಹೋಗಿ. ಆದ್ರೆ ಕಾಲುಸೇತುವೆ ತನಕ ಹೋಗಿ ವಾಪಸ್ ಬನ್ನಿ. ಆ ಕಡೆ ದಾಟಬೇಡಿ. ಏನೋ ಅಗೆದಿದ್ದಾರೆ, ನಡೆಯೋಕಾಗಲ್ಲ."

ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲವೆಂದು ಅವನು ನಂಬಿದ್ದ. ಆದ್ದರಿಂದ ಅದು ಸುಳ್ಳೆಂದು ಆ ಕ್ಷಣವೇ ಗೊತ್ತಾಯಿತು.

ನದಿ ಅವರ ಬೀದಿಯಿಂದ ಎರಡು ತಿರುವು ಆಚೆ. ಎರಡೂ ದಡಕ್ಕೆ ಕಾಂಕ್ರೀಟು ಹಾಕಿ, ಪಕ್ಕದಲ್ಲಿ ಕಾಲುದಾರಿ ಮಾಡಿ, ಕಬ್ಬಿಣದ ಕಂಬಿ ನಿಲ್ಲಿಸಿದ್ದರು. ನೀರು ಇಂಥದ್ದೇ ಬಣ್ಣವೆಂದು ಹೇಳುವಂತಿರಲಿಲ್ಲ, ಮೇಲಿನ ಆಕಾಶದ ಮರ್ಜಿ. ಆಚೆ ದಡದ ಕಟ್ಟಡಗಳ ಕಿಟಕಿಗಳು ಒಂದೊಂದಾಗಿ ಬಿಸಿಲನ್ನು ಹಿಡಿದು ಬಿಡುತ್ತಿದ್ದವು. ಇಪ್ಪತ್ತಾರು ವರ್ಷ ಇದೇ ಊರಲ್ಲಿದ್ದು ಭಟ್ಟಿಯಣ್ಣ ಈ ಹೊತ್ತಿನ ಬಿಸಿಲನ್ನು ಸರಿಯಾಗಿ ನೋಡಿರಲಿಲ್ಲ. ಅದು ಹದವಾಗಿ ಬೆಂದ ಬ್ರೆಡ್ಡಿನ ಮೇಲ್ಮೈಯ ಹಾಗಿತ್ತು. ಇದನ್ನೂ ಇಷ್ಟು ವರ್ಷ ಅವಳೊಬ್ಬಳೇ ನೋಡಿದಳಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ನಾಯಿಗೆ ದಾರಿ ಹೇಳಬೇಕಾಗಲಿಲ್ಲ. ಮನೆಯಲ್ಲಿ ನೆರಳಿನಂತೆ ಸರಿಯುತ್ತಿದ್ದ ಮೂಕ ಇಲ್ಲಿ ಹಗ್ಗ ಜಗ್ಗಿಕೊಂಡು ಹೊರಟಿತು. ಕಾಲುಸೇತುವೆ ಬಂದಾಗ ಅವನ ಕಡೆ ನೋಡಲೂ ಇಲ್ಲ, ಏರಿ ದಾಟಿತು. ಆ ತುದಿಯಲ್ಲಿ, ಕೊನೆಯ ಮೆಟ್ಟಿಲಿಳಿದು, ಗಕ್ಕನೆ ನಿಂತು ಕೂತಿತು. ಅಲ್ಲಿ ಯಾರೂ ಏನನ್ನೂ ಅಗೆದಿರಲಿಲ್ಲ.

ನಾಯಿ ತಲೆಯೆತ್ತಿ ಅವನ ಮುಖ ನೋಡುತ್ತಿತ್ತು. ಮೈಯೆಲ್ಲ ನಡುಗುತ್ತಿತ್ತು. "ನಡಿಯೋ" ಎಂದ. ಏಳಲಿಲ್ಲ. ಹಗ್ಗ ಎಳೆದ. ಏಳಲಿಲ್ಲ. ಏನೋ ಒಂದನ್ನು ಅವನಿಂದ ಎದುರುನೋಡುತ್ತಿತ್ತು, ಅದು ಏನೆಂದು ಅವನಿಗೆ ತಿಳಿಯದು.

ಸೇತುವೆಯ ಬುಡದಲ್ಲಿ ಒಂದು ಪೇಪರ್ ಅಂಗಡಿ, ನಾಲ್ಕು ಜನ ನಿಲ್ಲುವಷ್ಟು ಗೂಡು. ಒಳಗಿದ್ದ ಹೆಂಗಸು ಕತ್ತು ಹೊರಗೆ ಚಾಚಿದಳು. "ಅಯ್ಯೋ, ಅದಕ್ಕೆ ಅಪ್ಪಣೆ ಬೇಕು ಕಣ್ರೀ!" ಎಂದು ನಕ್ಕು, ಗಂಟಲೆತ್ತಿ ಕೂಗಿದಳು: "ಈಗ!"

ಮೂಕ ಬೊಗಳಿತು.

ಒಂದಲ್ಲ, ಎರಡಲ್ಲ. ಆಚೆ ದಡಕ್ಕೆ ಹೋಗಿ ಗೋಡೆಗೆ ಬಡಿದು ವಾಪಸು ಬರುವ ಹಾಗೆ, ಆರು ವರ್ಷದ ಬಾಕಿ ತೀರಿಸುವ ಹಾಗೆ. ಕಂಬಿಯ ಮೇಲೆ ಕೂತಿದ್ದ ಪಾರಿವಾಳಗಳು ಹಾರಿದವು. ಭಟ್ಟಿಯಣ್ಣ ಹಗ್ಗ ಹಿಡಿದು ಇಂಗು ತಿಂದ ಮಂಗನಂತೆ ನಿಂತಿದ್ದ.

"ಡಂಗುರ ಬಂದ, ಡಂಗುರ ಬಂದ!" ಎಂದು ನಾಯಿಯನ್ನು ಕರೆಯುತ್ತ ದಾರಿಯ ಆ ಬದಿಯ ಬೆಂಚಿನಿಂದ ಒಬ್ಬ ಮನುಷ್ಯ ಎದ್ದು ಬಂದ. ಅರವತ್ತೈದರ ಮೇಲೆ ವಯಸ್ಸು, ಬೆನ್ನು ಮಾತ್ರ ಈಗಷ್ಟೇ ನೆಟ್ಟ ಕಂಬ. ಜೊತೆಯಲ್ಲಿ ಕುಂಟುವ ಮುದಿ ಹೆಣ್ಣು ನಾಯಿ. ನಿವೃತ್ತ ಡ್ರಿಲ್ ಮೇಷ್ಟ್ರು ಎಂದು ಆಮೇಲೆ ತಿಳಿಯಿತು. ಕೇಳದಿದ್ದರೂ ತಿಳಿಯುತ್ತಿತ್ತು. "ಎಲ್ಲಿ ನಮ್ಮ ತಾಯಿ? ಮೂರು ದಿನದಿಂದ ಬಂದೇ ಇಲ್ಲ! ನೀವ್ಯಾರು?"

ನಮ್ಮ ತಾಯಿಯಂತೆ. ಭಟ್ಟಿಯಣ್ಣ ಹಗ್ಗವನ್ನು ಕೈಗೆ ಸುತ್ತಿಕೊಂಡ. ಗಂಡ ಎಂದು ಹೇಳಲು ಬಾಯಿ ತೆರೆದವನೇ, ಗಂಡನ ಮುಂದೆ ಯಾರೂ ನಿಜ ಹೇಳುವುದಿಲ್ಲ ಎಂದುಕೊಂಡು, "ನೆಂಟ" ಎಂದುಬಿಟ್ಟ. "ಅವರ ಚಿಕ್ಕಮ್ಮನ ಮಗ. ತಮ್ಮ ಆಗ್ಬೇಕು."

"ತಮ್ಮನಾ?" ಪೇಪರ್ ಅಂಗಡಿಯಾಕೆ ಅವನ ನರೆತ ತಲೆ ನೋಡಿದಳು. "ನಿಮ್ಮ ಕಡೆ ತಮ್ಮಂದಿರು ಬೇಗ ಹಣ್ಣಾಗ್ತಾರೇನೋ."

ಕಾಲು ಉಳುಕಿದ ಸುದ್ದಿ ಹೇಳಿದ. ಇಬ್ಬರೂ ಲೊಚಗುಟ್ಟಿದರು. ಆಮೇಲೆ ಅಂಗಡಿಯಾಕೆ ಕಣ್ಣರಳಿಸಿ ಕೇಳಿದಳು, "ಭಾವ ಏನಂದ್ರು?"

"ಯಾರು?"

"ನಿಮ್ಮ ಭಾವ ಕಣ್ರೀ, ಅಕ್ಕನ ಯಜಮಾನ್ರು. ಅವರು ಏನಾದ್ರೂ ಅಂದೇ ಇರ್ತಾರೆ. ಅವರ ಮಾತು ಕೇಳ್ದೆ ಮೂರು ದಿನ ಆಯ್ತು, ನಮಗೆ ಊಟಕ್ಕೆ ಉಪ್ಪಿಲ್ಲದ ಹಾಗಾಗಿದೆ."

"ಅವರು... ಮಲಗಿದ್ದಾರೆ" ಎಂದ ಭಟ್ಟಿಯಣ್ಣ.

"ಪಾಪ, ರಾತ್ರಿ ಪಾಳಿ" ಎಂದರು ಮೇಷ್ಟ್ರು, ತಮ್ಮ ಮನೆಯವರ ವಿಷಯ ಹೇಳುವ ಹಾಗೆ. ಹಗಲಿನ ಪಾಳಿಗೆ ಬಂದು ನಾಲ್ಕು ತಿಂಗಳಾದದ್ದು ಇವರಿಗೆ ಗೊತ್ತಿಲ್ಲ. ಅವಳು ಹೇಳಿಲ್ಲ.

ಆವತ್ತು ಮನೆಗೆ ಬಂದಾಗ ಹೆಂಡತಿ ಅವನ ಮುಖವನ್ನೇ ನೋಡಿದಳು. "ಸೇತುವೆ ತನಕ ಹೋದ್ರಾ?"

"ಹೂಂ. ಅಲ್ಲಿ ತನಕ ಹೋಗಿ ಬಂದೆ."

ಅವಳು ಉಸಿರು ಬಿಟ್ಟಳು. ನಾಯಿ ಸೇತುವೆಯ ಈಚೆ ಬದಿಗೆ ಬಂದ ಕೂಡಲೇ ಬಾಯಿ ಮುಚ್ಚಿಕೊಂಡಿತ್ತು. ಈಗ ಮೂಲೆಯ ಚಾಪೆಯ ಮೇಲೆ, ಹುಟ್ಟುಮೂಕನ ಹಾಗೆ ಸುರುಳಿ ಸುತ್ತಿ ಮಲಗಿತು. ಇದೂ ಅವಳ ಕಡೆಯದೇ ಎಂದು ಭಟ್ಟಿಯಣ್ಣ ಅದನ್ನು ದುರುಗುಟ್ಟಿ ನೋಡಿದ.

ಮರುದಿನವೂ ಹೋದ. ಅದರ ಮರುದಿನವೂ. ಕಾರ್ಖಾನೆಯಲ್ಲಿ ಗಡಿಯಾರ ನೋಡುವುದು ಶುರುವಾಯಿತು. ಕದ್ದು ತಿನ್ನುವ ರುಚಿ ಆ ಸಂಜೆಗಳಿಗೆ. ಅವನು ಹೆಚ್ಚೇನೂ ಕೇಳಬೇಕಾಗಿರಲಿಲ್ಲ. ಅವಳು ಹೇಳಿಹೋದ ಆ ಗಂಡನ ಮಾತುಗಳನ್ನು ಅವರೇ ಒಂದೊಂದಾಗಿ ತೆಗೆದು, ಒರೆಸಿ, ಅವನ ಮುಂದೆ ಇಡುತ್ತಿದ್ದರು.

ಒಂದು ಬೆಳಗ್ಗೆ ಕೆಲಸದಿಂದ ಬಂದು ಆ ಗಂಡ ಕನ್ನಡಿಯಲ್ಲಿ ಮುಖ ನೋಡಿಕೊಂಡನಂತೆ. "ಯಾರೋ ಹಿಟ್ಟು ಮೆತ್ಕೊಂಡ ಮುದುಕ ನಮ್ಮನೆಗೆ ನುಗ್ಗಿದ್ದಾನೆ ಕಣೇ. ಪಾಪ, ಅವನಿಗೂ ಒಂದು ಲೋಟ ಕಾಫಿ ಕೊಟ್ಟು ಕಳಿಸು" ಎಂದನಂತೆ. ಬ್ರೆಡ್ಡು ಒಂದೇ ಪಕ್ಕಕ್ಕೆ ಉಬ್ಬಿದೆಯಲ್ಲ ಎಂದು ಮ್ಯಾನೇಜರು ಬೈದಾಗ, "ಅದು ಆ ಮಗ್ಗುಲಲ್ಲಿ ಚೆನ್ನಾಗಿ ನಿದ್ದೆ ಮಾಡಿದೆ ಸಾರ್. ನನಗಂತೂ ಆ ಭಾಗ್ಯ ಇಲ್ಲ, ಅದಕ್ಕಾದರೂ ಇರಲಿ" ಎಂದನಂತೆ. ಮಗಳ ಮದುವೆಯಲ್ಲಿ ಎರಡು ಅಂಗಿ ಹಿಡಿದು ಯಾವುದು ಹಾಕ್ಕೊಳ್ತೀರಿ ಎಂದು ಹೆಂಡತಿ ಕೇಳಿದರೆ, "ಎರಡೂ ನನ್ನ ಹೊಟ್ಟೆ ನೋಡಿ ಹೆದರಿದಾವೆ. ಯಾವುದಕ್ಕೆ ಧೈರ್ಯ ಜಾಸ್ತಿಯೋ ಅದನ್ನು ಕೊಡು."

ಮೇಷ್ಟ್ರು ಹೇಳುವಾಗಲೇ ನಗುತ್ತಿದ್ದರು. ಅಂಗಡಿಯಾಕೆ ಪೇಪರಿನ ಕಟ್ಟಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು. ಭಟ್ಟಿಯಣ್ಣನೂ ತುಟಿ ಅಗಲಿಸುತ್ತಿದ್ದ. ಅವನು ಅಂಥ ಯಾವ ಮಾತನ್ನೂ ಆಡಿರಲಿಲ್ಲ. ಮಗಳ ಮದುವೆಯ ದಿನ ಅವನು ಹೇಳಿದ್ದು, "ಯಾವುದಾದ್ರೂ ಕೊಡು, ಹೊತ್ತಾಯ್ತು."

"ಅವರ ಕೈ ಮೇಲೆ ಗೀಟುಗಳಿದಾವಂತೆ, ಸ್ಕೇಲಿನ ಹಾಗೆ" ಎಂದಳು ಅಂಗಡಿಯಾಕೆ ಒಮ್ಮೆ. "ಹೆಂಡತಿಗೆ ಬಟ್ಟೆ ಅಳೀಬೇಕಾದ್ರೆ ಟೇಪು ಬೇಡ, ಬಾ ಇಲ್ಲಿ ಅಂತ ಕೈ ಚಾಚ್ತಾರಂತೆ!"

ಭಟ್ಟಿಯಣ್ಣ ಮಡಿಚಿದ್ದ ತೋಳನ್ನು ಮೆಲ್ಲಗೆ ಕೆಳಗೆಳೆದುಕೊಂಡ. ಮರುದಿನದಿಂದ ಬಿಸಿಲಿರಲಿ, ಸೆಕೆಯಿರಲಿ, ತುಂಬುತೋಳಿನ ಅಂಗಿ, ಮಣಿಕಟ್ಟಿನವರೆಗೂ ಗುಂಡಿ.

ಮೊದಲ ವಾರ ಅವನಿಗೆ ಮೇಷ್ಟ್ರ ಮೇಲೆ ಹೊಟ್ಟೆಕಿಚ್ಚಿತ್ತು, ಆ ಬೆನ್ನಿನ ಮೇಲೆ, ಆ ಎತ್ತರದ ನಗುವಿನ ಮೇಲೆ. ಎರಡನೆಯ ವಾರಕ್ಕೆ ಮೇಷ್ಟ್ರು ಮನಸ್ಸಿನಿಂದ ಬಿದ್ದುಹೋದರು. ಈಗ ಇದ್ದವನು ಆ ಗಂಡ. ತನ್ನ ಭಟ್ಟಿಯ ಮುಂದೆ ನಿಂತು, ತನ್ನ ಮನೆಯಲ್ಲಿ ಮಲಗಿ, ತನ್ನ ಹೆಂಡತಿಯನ್ನು ದಿನಾ ಸಂಜೆ ನಗಿಸಿ ಕಳಿಸುವವನು. ಅವನನ್ನು ಹಿಡಿದು ಬಡಿಯೋಣವೆಂದರೆ ಕೈಗೆ ಸಿಗುವುದಿಲ್ಲ. ಎದುರಿಗೆ ಬಾ ಎಂದರೆ ಬರುವುದಿಲ್ಲ.

ಅವನನ್ನು ಸೋಲಿಸಲು ಒಂದು ದಿನ ಪ್ರಯತ್ನವನ್ನೂ ಮಾಡಿದ. ಹೆಂಡತಿ ಕಾಲು ಚಾಚಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಕಾರ್ಖಾನೆಯಿಂದ ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತನ್ನು ಹೇಳಿದ: "ಈ ಬದನೆಕಾಯಿ ನೋಡಿದ್ರೆ ನಮ್ಮ ಮ್ಯಾನೇಜರ್ ನೆನಪಾಗ್ತಾನೆ. ಮೇಲೆ ಟೋಪಿ, ಒಳಗೆ ಬರೀ ಬೀಜ."

ಅವಳು ಗಾಬರಿಯಿಂದ ಚಾಕು ಕೆಳಗಿಟ್ಟಳು. "ಯಾಕ್ರೀ? ಮೈ ಹುಷಾರಿಲ್ವಾ? ಕೆಲಸದಲ್ಲಿ ಏನಾದ್ರೂ ಆಯ್ತಾ?"

"ಏನಿಲ್ಲ" ಎಂದು ಹೋಗಿ ಕಿಟಕಿಯ ಹತ್ತಿರ ನಿಂತ.

ಮೂರನೆಯ ವಾರ, ಒಂದು ಸಂಜೆ, ಅಂಗಡಿಯಾಕೆಗೆ ಗಿರಾಕಿಗಳಿದ್ದರು. ಬೆಂಚಿನ ಮೇಲೆ ಅವನು ಮತ್ತು ಮೇಷ್ಟ್ರು ಇಬ್ಬರೇ. ನಾಯಿಗಳೆರಡೂ ಕಂಬಿಯ ಸಂದಿಯಲ್ಲಿ ಮೂತಿಯಿಟ್ಟು ನೀರು ನೋಡುತ್ತಿದ್ದವು. ಮೇಷ್ಟ್ರು ಯಾಕೋ ಆವತ್ತು ಮೆತ್ತಗಿದ್ದರು. ಹೆಂಡತಿ ಹೋಗಿ ಐದು ವರ್ಷ ಆಯಿತು ಇವತ್ತಿಗೆ, ಎಂದರು. ತಮ್ಮ ನಾಯಿಯ ಹಗ್ಗ ಸಡಿಲಿಸಿ ಮುಂದುವರಿಸಿದರು.

"ನಾನು ಒಳ್ಳೆ ಗಂಡ ಆಗಿರಲಿಲ್ಲ ಇವರೇ. ಸೀಟಿ ಊದಿ ಊದಿ ಮನೇಲೂ ಅದೇ ದನಿ. ನಿಮ್ಮ ಭಾವನ ಸುದ್ದಿ ಕೇಳ್ದಾಗ ನನಗೆ ನಾಚಿಕೆ ಆಗುತ್ತೆ. ನಾಲ್ಕು ವರ್ಷದ ಹಿಂದೆ ನಿಮ್ಮಕ್ಕನ ಅಮ್ಮ ತೀರಿಹೋದ್ರಲ್ಲ? ಆಗ ಆ ಮನುಷ್ಯ ಮೂರು ದಿನ ಕೆಲಸಕ್ಕೆ ಹೋಗಲಿಲ್ಲವಂತೆ. ಹೆಂಡತಿ ಪಕ್ಕದಲ್ಲೇ ಕೂತು, ಜೋರಾಗಿ ಅಳು, ಎಷ್ಟು ಬೇಕೋ ಅಷ್ಟು ಅಳು, ಯಾರಿಗೆ ನಿದ್ದೆ ಕೆಟ್ರೂ ಕೆಡಲಿ ಅಂದ್ರಂತೆ. ಇದನ್ನ ಹೇಳ್ವಾಗ ಮಾತ್ರ ಅವರು ನಗಿಸಲ್ಲ. ಒಂದೇ ಸಲ ಹೇಳಿದ್ದು."

ಭಟ್ಟಿಯಣ್ಣ ನದಿ ನೋಡಿದ. ಆ ಬೆಳಗ್ಗೆ ಅವನಿಗೆ ನೆನಪಿತ್ತು. ಅತ್ತೆಯ ಸುದ್ದಿ ಬಂದು ಎರಡು ದಿನವಾಗಿತ್ತು. ಮಣ್ಣು ಮಾಡಿ ಬಂದು ಆ ರಾತ್ರಿಯೇ ಅವನು ಕೆಲಸಕ್ಕೆ ಹೋಗಿದ್ದ. ಬೆಳಗ್ಗೆ ಬಂದು ಮಲಗಿದಾಗ ಅಡುಗೆಮನೆಯಿಂದ ಅವಳ ಅಳು ಕೇಳುತ್ತಿತ್ತು. ಎದ್ದು ಹೋಗಿ, ಬಾಗಿಲಲ್ಲಿ ನಿಂತು, ಅವನು ಎರಡೇ ಮಾತು ಹೇಳಿದ್ದ: "ಮೆತ್ತಗೆ ಅಳು."

ಅವಳು ನಲ್ಲಿಗೆ ಕಟ್ಟಿದ್ದ ಬಟ್ಟೆಯಂಥದೇ ಒಂದು ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವನಿಗೆ ಒಳ್ಳೆಯ ನಿದ್ದೆ ಬಂದಿತ್ತು.

"ಅಂಥ ಗಂಡ ಸಿಗೋಕೆ ಪುಣ್ಯ ಬೇಕು" ಎಂದರು ಮೇಷ್ಟ್ರು.

"ಹೌದು" ಎಂದ ಭಟ್ಟಿಯಣ್ಣ. ಆ ಗಂಡನ ಹಾಸ್ಯದ ಮೇಲೆ ಪಟ್ಟ ಕಿಚ್ಚು ಕಿಚ್ಚೇ ಅಲ್ಲ ಎನ್ನಿಸಿತು. ಹೆಂಡತಿ ಅಳುವಾಗ ಪಕ್ಕದಲ್ಲಿ ಕೂತಿದ್ದ ಆ ಮನುಷ್ಯನನ್ನು ಈಗ ಅವನು ನಿಜವಾಗಿ ದ್ವೇಷಿಸಿದ. ಆ ಕುರ್ಚಿ ತನ್ನದು. ಖಾಲಿ ಬಿಟ್ಟು ಮಲಗಿದವನೂ ತಾನೇ.

ಮೂರು ವಾರ ಮುಗಿಯಿತು. ಡಾಕ್ಟರು ಪಟ್ಟಿ ಬಿಚ್ಚಿದರು. ಸಂಜೆ ಅವಳು ಚಾಪೆಯ ಮೇಲೆ ಕೂತು ನಾಯಿಯ ಕಿವಿ ಸವರುತ್ತ, "ನಾಳೆಯಿಂದ ನಾನೇ ಹೋಗ್ತೀನಿ. ನಿಮಗೂ ಸಾಕಾಗಿರುತ್ತೆ" ಎಂದಳು.

ಭಟ್ಟಿಯಣ್ಣ ಲೆಕ್ಕ ಹಾಕಿದ. ನಾಳೆ ಅವಳು ಸೇತುವೆ ದಾಟುತ್ತಾಳೆ. ನಿಮ್ಮ ತಮ್ಮ ಎಲ್ಲಿ ಎಂದು ಆ ಇಬ್ಬರೂ ಕೇಳುತ್ತಾರೆ. ಅಲ್ಲಿ, ಅವರೆದುರಿಗೆ, ಅವಳಿಗೆ ಎಲ್ಲ ಗೊತ್ತಾಗುತ್ತದೆ. ಊರಲ್ಲಿ ಅವಳದೆಂದು ಇರುವುದು ಅದೊಂದೇ ಜಾಗ. ಆ ಜಾಗದಲ್ಲಿ ಅವಳ ಬಾಯಿ ಕಟ್ಟಿಹೋದರೆ, ಅವಳು ಮತ್ತೆ ಎಲ್ಲಿಗೆ ಹೋಗಬೇಕು?

"ನಾನು ಸೇತುವೆ ದಾಟಿ ಹೋಗಿದ್ದೆ" ಎಂದ.

ನಾಯಿಯ ಕಿವಿಯ ಮೇಲಿದ್ದ ಕೈ ನಿಂತಿತು. "ಎಷ್ಟು ದಿನ?"

"ಮೊದಲನೇ ದಿನದಿಂದ."

"ಏನಂತ ಹೇಳ್ಕೊಂಡ್ರಿ?"

"ನಿನ್ನ ಚಿಕ್ಕಮ್ಮನ ಮಗ ಅಂತ."

"ನನ್ನ ಚಿಕ್ಕಮ್ಮನಿಗೆ ಮಕ್ಕಳೇ ಇಲ್ಲ" ಎಂದಳು. ನಲ್ಲಿಯ ಹನಿ ಬಟ್ಟೆಯುದ್ದಕ್ಕೂ ಇಳಿಯುತ್ತಿತ್ತು.

"ಯಾರು ಅವನು?" ಎಂದ ಭಟ್ಟಿಯಣ್ಣ.

"ಯಾರು?"

"ಅವನೇ. ಕನ್ನಡಿ ನೋಡಿ ಮಾತಾಡೋನು. ನಿನ್ನ ಗಂಡ."

ಅವಳು ನಗಲಿಲ್ಲ. "ನೀವು ಮಲಗಿದಾಗ ನಿಮ್ಮ ತುಟಿ ಅಲ್ಲಾಡುತ್ತೆ" ಎಂದಳು. "ಮದುವೆಯಾದಾಗಿನಿಂದ ನೋಡಿದ್ದೀನಿ. ಏನೋ ಹೇಳೋಕೆ ಹೊರಟ ಹಾಗೆ, ಹೇಳೋ ಮೊದಲೇ ನಗು ಬಂದ ಹಾಗೆ. ಕಾಯ್ತಿದ್ದೆ. ಹೇಳ್ತಿರಲಿಲ್ಲ. ಏನಿರಬಹುದು ಅಂತ ನಾನೇ ಮುಗಿಸ್ತಿದ್ದೆ. ಮುಗಿಸಿದ್ದನ್ನ ಯಾರಿಗಾದ್ರೂ ಹೇಳ್ಬೇಕಲ್ಲ."

"ಮತ್ತೆ ಅತ್ತೆ ಹೋದಾಗಿನದು?"

ಅವಳು ನಾಯಿಯ ಹಗ್ಗವನ್ನು ತೆಗೆದುಕೊಂಡು ಸುತ್ತತೊಡಗಿದಳು. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

"ಅದು ನನಗೆ ಬೇಕಿತ್ತು" ಎಂದಳು. "ಅದನ್ನ ಹಾಗೇ ಬಿಟ್ಬಿಡಿ."

ಮರುದಿನ ನಾಲ್ಕೂವರೆಗೆ ಅವಳು ಬಾಗಿಲಲ್ಲಿ ನಿಂತು, ಅವನ ಕಡೆ ತಿರುಗದೆ, "ಬರ್ತೀರಾದ್ರೆ ಬನ್ನಿ" ಎಂದಳು. "ಯಾರಾಗಿ ಬರ್ತೀರೋ ನೀವೇ ನೋಡ್ಕೊಳ್ಳಿ."

ಮೆಟ್ಟಿಲಿಳಿಯುವಾಗ ಅವನು ಒಂದು ಮೆಟ್ಟಿಲು ಮುಂದೆ ಇಳಿದ, ಜಾರಿದರೆ ಹಿಡಿಯಲೆಂದು. ದಾರಿಯುದ್ದಕ್ಕೂ ಅವಳು ನಾಯಿಯ ಜೊತೆ ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ. ತುಂಬುತೋಳಿನ ಅಂಗಿ ಹಾಕಿದ್ದ. ಗಂಡ ಎಂದು ಹೇಳಿಬಿಡಬೇಕು ಎಂದು ಸೇತುವೆಯವರೆಗೂ ಅಂದುಕೊಂಡ. ಹೇಳಿದರೆ ಆ ಹಾಸ್ಯಗಾರ ಅಲ್ಲೇ ಸತ್ತುಬೀಳುತ್ತಾನೆ. ಅದೇ ಅಲ್ಲವೇ ಬೇಕಾದದ್ದು? ಸೇತುವೆಯ ಮಧ್ಯೆ ಬಂದಾಗ ಇನ್ನೊಂದು ಹೊಳೆಯಿತು. ಅವನು ಸತ್ತರೆ, ಆ ಮೂರು ದಿನ ಇವಳ ಪಕ್ಕದಲ್ಲಿ ಕೂತವರು ಯಾರೂ ಇರುವುದಿಲ್ಲ.

ಆ ತುದಿಯಲ್ಲಿ ನಾಯಿ ಕೂತಿತು. ಅವಳು ಬಗ್ಗಿ ಅದರ ಕಿವಿಯಲ್ಲಿ, "ಈಗ" ಎಂದಳು. ಪಾರಿವಾಳಗಳು ಎದ್ದವು.

"ಬಂದ್ರಪ್ಪಾ!" ಅಂಗಡಿಯಾಕೆ ಗೂಡಿನಿಂದ ಹೊರಗೇ ಓಡಿಬಂದಳು. ಮೇಷ್ಟ್ರು ಎದ್ದು ನಿಂತು ಸಲಾಮು ಹೊಡೆದರು. ಕಾಲು ಹೇಗಿದೆ, ನೋವು ಹೋಯಿತೇ, ಕೂತ್ಕೊಳ್ಳಿ ಕೂತ್ಕೊಳ್ಳಿ. ಬೆಂಚಿನ ಮೇಲೆ ಅವಳನ್ನು ಕೂರಿಸಿದ ಮೇಲೆ ಅಂಗಡಿಯಾಕೆ ಎರಡೂ ಕೈ ಉಜ್ಜಿಕೊಂಡಳು. "ಹೇಳಿ ಅಕ್ಕ. ಮೂರು ವಾರದ್ದು ಸೇರಿಸಿ ಹೇಳ್ಬೇಕು. ನೀವು ಬಿದ್ದಿದ್ದಕ್ಕೆ ಯಜಮಾನ್ರು ಏನಂದ್ರು? ನಿಮ್ಮ ತಮ್ಮನ್ನ ಕೇಳಿದ್ರೆ ಬರೀ ಮಲಗಿದ್ದಾರೆ ಮಲಗಿದ್ದಾರೆ ಅಂತಾರೆ, ಒಂದು ಪೈಸೆ ಪ್ರಯೋಜನ ಇಲ್ಲ."

ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ನಾಲ್ಕು ತಿಂಗಳಿಂದ ಅವಳೆದುರಿಗೆ ಹಗಲು ಮಲಗಿದ ಮುಖವಿರಲಿಲ್ಲ. ಹಳೆಯ ದಾಸ್ತಾನಿನಲ್ಲೇ ನಡೆಸಿಕೊಂಡು ಬಂದಿದ್ದಳೇನೋ, ಈಗ ಅದೂ ಬರಿದಾಗಿತ್ತು. ಅವಳ ಕಣ್ಣು ಅವನ ಕಡೆ ಬಂತು. ಅದರಲ್ಲಿ ಬೇಡಿಕೆಯಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತವನ ಕಡೆ ಆವತ್ತು ನೋಡಿದ್ದಳಲ್ಲ, ಅದೇ ನೋಟ.

"ಭಾವ ಅಂದದ್ದು ನಾನು ಕೇಳಿಸ್ಕೊಂಡೆ" ಎಂದ ಭಟ್ಟಿಯಣ್ಣ.

ಮೂವರೂ ತಿರುಗಿದರು. ಮಾತು ಎಲ್ಲಿಂದ ಬರುತ್ತಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

"ಡಾಕ್ಟರ ಹತ್ರದಿಂದ ವಾಪಸ್ ಬಂದ್ಮೇಲೆ ಅಂದ್ರು. ಇಪ್ಪತ್ತಾರು ವರ್ಷ ನನ್ನ ನಿದ್ದೆ ಕೆಡಬಾರದು ಅಂತ ಬೆರಳ ತುದೀಲೇ ನಡೆದವಳು ನೀನು. ಮೊದಲ್ನೇ ಸಲ ಪೂರ್ತಿ ಪಾದ ಊರಿದೆ ನೋಡು, ಅಭ್ಯಾಸ ಇಲ್ದೆ ಉಳುಕಿಹೋಯ್ತು. ಇನ್ಮೇಲೆ ದಿನಾ ಊರು. ದಡಬಡ ಅಂತ ಊರು."

ಅಂಗಡಿಯಾಕೆ ಪೇಪರಿನ ಕಟ್ಟು ಹುಡುಕಿದಳು, ಸಿಗದೆ ಮೇಷ್ಟ್ರ ಭುಜಕ್ಕೇ ತಲೆಯಿಟ್ಟು ನಕ್ಕಳು. ಮೇಷ್ಟ್ರ ನಗು ಆಚೆ ದಡಕ್ಕೆ ಹೋಯಿತು. ಅವನ ಹೆಂಡತಿ ಮೊದಲು ನಗಲಿಲ್ಲ. ತನ್ನ ಪಾದ ನೋಡಿಕೊಂಡಳು. ಆಮೇಲೆ ನಕ್ಕಳು. ಅವಳ ನಗು ಹೀಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ನಡುವೆ ಒಮ್ಮೆ ಉಸಿರು ಸಿಕ್ಕಿಕೊಂಡು ಮತ್ತೆ ಮೇಲೇಳುವ ನಗು. ನಾಯಿ ಬೊಗಳಿತು.

ಹೊರಡುವ ಹೊತ್ತಿಗೆ ಹಗ್ಗ ಬೆಂಚಿನ ಕಾಲಿಗೆ ಸುತ್ತಿಕೊಂಡಿತ್ತು. ಭಟ್ಟಿಯಣ್ಣ ಬಗ್ಗಿ ಬಿಡಿಸುವಾಗ ತೋಳು ಮೇಲಕ್ಕೆ ಸರಿಯಿತು. ಮೇಷ್ಟ್ರು ಅವನ ಮುಂಗೈ ನೋಡಿದರು. ಒಂದೊಂದೇ ಗೀಟನ್ನು ಎಣಿಸುವಷ್ಟು ಹೊತ್ತು ನೋಡಿದರು. ಆಮೇಲೆ ತಮ್ಮ ಮುದಿ ನಾಯಿಯ ತಲೆ ತಟ್ಟುತ್ತ ನಿಧಾನವಾಗಿ ಹೇಳಿದರು, "ನಿಮ್ಮ ಭಾವನಿಗೆ ಹೇಳಿ ಇವರೇ. ಇವತ್ತಿನ ಮಾತು ಎಲ್ಲಕ್ಕಿಂತ ಚೆನ್ನಾಗಿತ್ತು ಅಂತ."

"ಹೇಳ್ತೀನಿ" ಎಂದ ಭಟ್ಟಿಯಣ್ಣ.

ವಾಪಸು ಸೇತುವೆಯ ಮೇಲೆ ಹೆಂಡತಿ ಸ್ವಲ್ಪ ನಿಧಾನ ಮಾಡಿದಳು. ಅವನು ಪಕ್ಕಕ್ಕೆ ಬರುವವರೆಗೂ.

"ಚೆನ್ನಾಗಿ ಹೇಳಿದ್ರು" ಎಂದಳು.

"ಯಾರು?"

"ನಮ್ಮೆಜಮಾನ್ರು" ಎಂದು, ನಾಯಿಯ ಜೊತೆ ಮುಂದೆ ನಡೆದಳು. ಪೂರ್ತಿ ಪಾದ ಊರಿ ನಡೆಯುತ್ತಿದ್ದಳು. ಸೇತುವೆಯ ಹಲಗೆಗಳು ದಡಬಡ ಎನ್ನುತ್ತಿದ್ದವು.

ಭಟ್ಟಿಯಣ್ಣನ ಹೊಟ್ಟೆ ಮತ್ತೆ ಉರಿಯಿತು. ಜನ್ಮದಲ್ಲಿ ಮೊದಲ ಸಲ ಒಂದು ಮಾತು ಹದವಾಗಿ ಬೆಂದು ಬಂದಿತ್ತು, ತಾನೇ ಕಲಸಿ ತಾನೇ ಬೇಯಿಸಿದ್ದು. ಅದನ್ನೂ ಅವನೇ ಹೊಡೆದುಕೊಂಡ, ಮನೆಯಲ್ಲಿ ಮಲಗಿರುವವನು. ಸೆಕೆಯಾಗುತ್ತಿತ್ತು. ಮಣಿಕಟ್ಟಿನ ಗುಂಡಿಗಳನ್ನು ಬಿಚ್ಚಿ ತೋಳುಗಳನ್ನು ಮೊಣಕೈವರೆಗೆ ಮಡಿಚಿಕೊಂಡ. ಆಮೇಲೆ ದೊಡ್ಡ ಹೆಜ್ಜೆ ಹಾಕಿದ, ಆ ಮನುಷ್ಯ ಎದ್ದು ಬಾಗಿಲು ತೆರೆಯುವ ಮೊದಲು ತಾನು ಅವಳ ಜೊತೆ ಮನೆ ಸೇರಬೇಕು ಎನ್ನುವಂತೆ.